ರಕ್ಸೌಲ್‌ವರೆಗಿನ ನೇಪಾಳ

ಶಂಭುಲಿಂಗಯ್ಯ ಸುಳ್ಳುಗಾರ. ಮೃದುವಾಗಿ ಹೇಳಿ ಪ್ರಯೋಜನವಿಲ್ಲ. ಲಾಭಕ್ಕೆ ಸುಳ್ಳು ಹೇಳುವವರು ಕಾಶಿಯಲ್ಲಿ ಬೇಕಾದಷ್ಟು ಮಂದಿ ಇದ್ದರು. ಇವನು ಕೇಳುವವರ ಮುಖ ಅರಳಲೆಂದು ಹೇಳುತ್ತಿದ್ದ. ಅದು ಇನ್ನೂ ಕೆಟ್ಟದ್ದು. ಲಾಭದ ಸುಳ್ಳು ಒಂದು ಕಡೆ ನಿಲ್ಲುತ್ತದೆ, ಇದು ನಿಲ್ಲುವುದಿಲ್ಲ.

ಅವನ ತಾತ ಕೊಟ್ಟೂರಿನ ಕಡೆಯಿಂದ ಬಂದು ಕನ್ನಡದವರ ಮಠದಲ್ಲಿ ನೆಲೆನಿಂತ ಜಂಗಮ. ಮೊಮ್ಮಗ ಮಠದ ಬಾಗಿಲ ಪಕ್ಕದಲ್ಲಿ ರುದ್ರಾಕ್ಷಿ, ವಿಭೂತಿ ಮಾರುತ್ತಿದ್ದ. ವರ್ಷಕ್ಕೊಮ್ಮೆ ಶಿವರಾತ್ರಿಗೆ ಮುಂಚೆ ಖಾಲಿ ಚೀಲ ಮಡಿಸಿಕೊಂಡು ನೇಪಾಳಕ್ಕೆಂದು ಹೊರಟು, ಹತ್ತು ದಿನಕ್ಕೆ ತುಂಬಿದ ಚೀಲ ಹೊತ್ತು ಬರುತ್ತಿದ್ದ. ಬಂದವನು ನೇರ ಮಠದ ಅಡುಗೆಮನೆಗೆ ಹೋಗಿ ಅನ್ನದಾನಮ್ಮನ ಎದುರು ಕೂರುತ್ತಿದ್ದ. ಆಕೆ ವಿಧವೆ, ಮೂವತ್ತು ವರ್ಷದಿಂದ ಯಾತ್ರಿಕರಿಗೆ ಅನ್ನ ಬೇಯಿಸುತ್ತ ಆ ಒಲೆಯ ಮುಂದೆಯೇ ಮುದುಕಿಯಾದವಳು.

"ಹೇಳಪ, ಈ ಸಲ ಏನೇನು ಕಂಡಿ?"

ಅವನು ಹೇಳುತ್ತಿದ್ದ. ಬೆಳಗಿನಲ್ಲಿ ಹಿಮದ ಬೆಟ್ಟ ಕೆಂಡದ ಹಾಗೆ ಕೆಂಪಾಗುತ್ತದೆ. ಪಶುಪತಿಯ ನದಿ ನಮ್ಮ ಗಂಗೆಯಷ್ಟೇ ಅಗಲ. ಕಾಡಿನಲ್ಲಿ ಹೆಂಗಸರು ರುದ್ರಾಕ್ಷಿ ಮರದಡಿ ಕಾಯಿ ಆರಿಸುತ್ತಾರೆ, ದಾರಿಹೋಕರಿಗೆ ಬೊಗಸೆ ತುಂಬ ಕೊಡುತ್ತಾರೆ.

ಹನ್ನೊಂದು ವರ್ಷ ಹೀಗೇ ನಡೆಯಿತು. ಅಷ್ಟೂ ವರ್ಷ ಅವನು ಗಡಿ ದಾಟಿರಲಿಲ್ಲ. ಮೊದಲ ಸಲ ಗಡಿಯ ಈಚೆಯ ಊರು ರಕ್ಸೌಲ್‌ನಲ್ಲಿ ರೈಲು ಇಳಿದಾಗ, ಘಟ್ಟದಲ್ಲಿ ಉರುಳಿದ ಬಸ್ಸೊಂದನ್ನು ಎಳೆದು ತಂದು ರಸ್ತೆ ಬದಿಗೆ ನಿಲ್ಲಿಸಿದ್ದರು. ಅದರ ಚಪ್ಪಟೆಯಾದ ಚಾವಣಿ ನೋಡಿ ಅವನ ಕಾಲು ಮುಂದೆ ಹೋಗಲಿಲ್ಲ. ಅದೇ ಊರಿನ ಸಗಟು ಅಂಗಡಿಯಲ್ಲಿ ಬೇಕಾದ ಮಾಲು ಸಿಕ್ಕಿತು. ಹಿಮವನ್ನು ಕ್ಯಾಲೆಂಡರಿನ ಚಿತ್ರದಿಂದ, ಉಳಿದದ್ದನ್ನು ಹಮಾಲರ ಮಾತಿನಿಂದ ತಂದ.

ಇದರಿಂದ ಯಾರಿಗೂ ಕೇಡಾಗದಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ಅವನ ಮಾತು ಕೇಳಿ ಕೇಳಿ ಅನ್ನದಾನಮ್ಮನಿಗೆ ಹೋಗಿ ನೋಡುವ ಆಸೆ ಹತ್ತಿತು. ಪಶುಪತಿಗೆ ಹೊರಟ ಯಾತ್ರಿಕರು ಮೂರು ಸಲ ಅವಳನ್ನು ಕರೆದರು. ಅವಳು ಹೋದರೆ ತನ್ನ ಬಣ್ಣ ಬಯಲಾಗುತ್ತದೆಂದು ಶಂಭುಲಿಂಗಯ್ಯ ಮೂರು ಸಲವೂ ತಡೆದ. "ಆ ದಾರಿ ನಿಮ್ಮ ಎದಿ ತಡಿಯಂಗಿಲ್ಲವ್ವ. ಬರೋ ವರ್ಷ ನಾನೇ ಕರ್ಕೊಂಡು ಹೋಗ್ತೀನಿ." ಅವಳು ನಂಬಿದಳು.

೧೯೭೫ರ ಮಳೆಗಾಲದಲ್ಲಿ ಅವಳ ಕಣ್ಣು ಹೋಯಿತು. ಇನ್ನು ನೋಟ ಬರುವುದಿಲ್ಲವೆಂದು ಡಾಕ್ಟರು ಹೇಳಿದರು. "ಇರಲಿ ಬಿಡು," ಎಂದಳು ಅವಳು. "ನೀನು ನೋಡಿ ಬಂದು ಹೇಳ್ತೀಯಲ್ಲ, ಅಷ್ಟು ಸಾಕು."

ಆ ದಿನದಿಂದ ಶಂಭುಲಿಂಗಯ್ಯ ಮಠದ ಪಂಕ್ತಿಯಲ್ಲಿ ಊಟಕ್ಕೆ ಕೂರುವುದನ್ನು ಬಿಟ್ಟ. ಮರುವರ್ಷ ಮಾಘದಲ್ಲಿ ಅವನು ರಕ್ಸೌಲ್ ದಾಟಿ, ಕಣ್ಣು ಮುಚ್ಚಿಕೊಂಡು ಘಟ್ಟದ ಬಸ್ಸು ಹತ್ತಿದ.

ಐದು ದಿನ ಕಠ್ಮಂಡುವಿನಲ್ಲಿದ್ದ. ಐದು ದಿನವೂ ಮೋಡ, ಹಿಮ ಕಾಣಲಿಲ್ಲ. ಹಣೆಗೆ ಪಟ್ಟಿ ಕಟ್ಟಿ ಬೆನ್ನ ಮೇಲೆ ಕಬ್ಬಿಣದ ಬೀರು ಹೊತ್ತು ಏರುವ ಮುದುಕರು ಕಂಡರು. ಧಾನ್ಯವನ್ನು ತಕ್ಕಡಿಯಲ್ಲಿ ತೂಗದೆ ಹಿತ್ತಾಳೆ ಪಾವಿನಲ್ಲಿ ಅಳೆಯುವುದು ಕಂಡಿತು. ಪರದೇಶದ ಕೊಡೆ, ಗಡಿಯಾರಗಳ ಅಂಗಡಿ ಬೀದಿಯಲ್ಲಿ ನಮ್ಮ ದೇಶದವರೇ ತುಂಬಿದ್ದರು; ಸುಂಕದವರ ಕಣ್ಣು ತಪ್ಪಿಸಲು ಒಂದರ ಮೇಲೊಂದು ಮೂರು ಸ್ವೆಟರ್ ತೊಟ್ಟು ನೋಡುತ್ತಿದ್ದರು. ಪಶುಪತಿಯ ನದಿ ಕಾಶಿಯ ಅಸ್ಸಿ ನಾಲೆಗಿಂತ ತುಸು ದೊಡ್ಡದು, ಅಷ್ಟೇ.

ಗುಡಿಯ ಬಾಗಿಲಲ್ಲಿ ತನ್ನಂಥವನೇ ಒಬ್ಬ ರುದ್ರಾಕ್ಷಿ ಹರಡಿಕೊಂಡು ಕೂತಿದ್ದ. ಇದು ಕಾಶಿಯ ಮಾಲು, ವರ್ಷವರ್ಷ ನಾನೇ ಹೋಗಿ ವಿಶ್ವನಾಥನ ಮುಂದಿಟ್ಟು ತರುತ್ತೇನೆ, ಎಂದ. ಅಲ್ಲಿ ಗಂಗೆಯ ಆಚೆ ದಡ ಕಾಣುವುದೇ ಇಲ್ಲವಂತೆ. ದಶಾಶ್ವಮೇಧದ ಮೆಟ್ಟಿಲಿಗೆ ಅಮೃತಶಿಲೆ ಹಾಸಿದ್ದಾರಂತೆ. ಅವನ ಮುಂದೆ ನಿಂತಿದ್ದ ಹಳ್ಳಿಯ ಹೆಂಗಸು ಕೈಮುಗಿದು ಕೇಳುತ್ತಿದ್ದಳು. ಶಂಭುಲಿಂಗಯ್ಯ ಅವಳ ಮುಖ ನೋಡಲಾರದೆ ಅಲ್ಲಿಂದ ಸರಿದ.

ಕಾಶಿಗೆ ಬಂದವನು ಅಡುಗೆಮನೆಗೆ ಹೋದ. ಅನ್ನದಾನಮ್ಮ ಬೆರಳಿನಲ್ಲೇ ಗುರುತು ಹಿಡಿದು ಸೊಪ್ಪು ಬಿಡಿಸುತ್ತಿದ್ದಳು. ಜೊತೆಯ ಅಡುಗೆಯವಳು ಬಸಲಿಂಗಮ್ಮ ಖಾರ ಅರೆಯುತ್ತಿದ್ದಳು.

"ಹಿಮ ಹೆಂಗಿತ್ತು?"

"ಕಾಣಲಿಲ್ಲವ್ವ. ಮೋಡ."

"ಹೋದ ವರ್ಷ ಕೆಂಪಗೆ ಕಂಡಿತ್ತಲ್ಲ?"

"ಹೋದ ವರ್ಷ ನಾನು ಹೋಗಿದ್ದಿಲ್ಲ. ಅದರ ಹಿಂದಿನ ವರ್ಷಾನೂ ಇಲ್ಲ. ರಕ್ಸೌಲ್ ದಾಟಿದ್ದು ಇದೇ ಮೊದಲು. ಆ ಹಿಮ ಕ್ಯಾಲೆಂಡರಿನ ಚಿತ್ರದಾಗ ಕಂಡದ್ದು."

ಬಸಲಿಂಗಮ್ಮನ ಗುಂಡುಕಲ್ಲು ನಿಂತಿತು. "ಅಂದ್ರ ಹನ್ನೊಂದು ವರ್ಷ ನಮಗೆ ಕ್ಯಾಲೆಂಡರ್ ಓದಿ ಹೇಳಿದಿ ಅನ್ನು. ತಿಥಿ ವಾರನಾದ್ರೂ ಸರಿ ಇದ್ವೇನಪ?"

ಅನ್ನದಾನಮ್ಮ ನಗಲಿಲ್ಲ. "ಮೂರು ಸಲ ಹೊಂಟಿದ್ದೆ ನಾನು."

"ಹೌದವ್ವ."

"ಆವಾಗ ಕಣ್ಣಿದ್ವು."

"ಇದ್ವು."

"ನನ್ನ ಮುಂದ ಕೂಡಬ್ಯಾಡ. ಎದ್ದು ಹೋಗು."

ಅವನು ಎದ್ದು ಹೋದ. ಕ್ಷಮೆ ಕೇಳಲಿಲ್ಲ, ಏನನ್ನು ಕ್ಷಮಿಸಿ ಎಂದು ಕೇಳುವುದು?

ಮರುದಿನ ಅದೇ ಹೊತ್ತಿಗೆ ಬಂದು ಹೊಸ್ತಿಲ ಬಳಿ ನಿಂತ. ಅವಳ ಮುಂದೆ ಮೊರದ ತುಂಬ ಅಕ್ಕಿಯಿತ್ತು. ಕಲ್ಲು ಆರಿಸುವುದು ಅವಳಿಂದ ಆಗುತ್ತಿರಲಿಲ್ಲ. ಕಲ್ಲೂ ಅಕ್ಕಿಯೂ ಬೆರಳಿಗೆ ಒಂದೇ. ಹೆಜ್ಜೆಯಲ್ಲೇ ಅವನನ್ನು ಗುರುತಿಸಿದಳು.

"ಮತ್ಯಾಕ ಬಂದಿ?"

ಮೊರ ಪಕ್ಕಕ್ಕೆ ಸರಿಸಿ ಅವಳೇ ಮತ್ತೆ ಅಂದಳು: "ಬಂದದ್ದು ಬಂದಿ, ಆ ಹಿಮದ್ದೇ ಹೇಳು. ಬೆಳಗ್ಗೆ ಕೆಂಪಾಗೋದು. ಸುಳ್ಳಾದ್ರ ಆಗಲಿ, ಚಂದ ಇತ್ತು."

ಅದು ಅವನ ನಾಲಿಗೆಯ ತುದಿಯಲ್ಲೇ ಇತ್ತು. ಶಂಭುಲಿಂಗಯ್ಯ ಒಳಗೆ ಬಂದು ಕೂತು, ಮೊರವನ್ನು ತನ್ನ ಕಡೆಗೆ ಎಳೆದುಕೊಂಡು ಕಲ್ಲು ಆರಿಸತೊಡಗಿದ.

"ಅದು ನನಗ ಗೊತ್ತಿಲ್ಲವ್ವ," ಎಂದ. "ಆದ್ರ ಅಲ್ಲಿ ಮೂಲಂಗಿ ಮಾರೋಳು ಒಬ್ಬಾಕಿನ್ನ ಕಣ್ಣಾರೆ ನೋಡಿದೆ. ಆಕಿದು ಹೇಳಲಾ?"