ಅಪ್ಪನ ಬೆನ್ನಡಿಯ ಹತ್ತಿ

ನಾವು ಪಿಂಜಾರರು. ಚನ್ನಗಿರಿಯಲ್ಲಿ ಹತ್ತಿ ಹಿಂಜಿ ಹಾಸಿಗೆ ಹೊಲಿಯುವುದು ಅಪ್ಪನ ಕಸುಬು, ಈಗ ನನ್ನದು. ಸುತ್ತಲ ಊರಿನ ಮದುಮಕ್ಕಳನ್ನೆಲ್ಲ ಹತ್ತಿಯ ಮೇಲೆ ಮಲಗಿಸಿದ ಅಪ್ಪ ತಾನು ಮಾತ್ರ ಚಾಪೆ ಬಿಟ್ಟವನಲ್ಲ. ಹೊಸ ಹಾಸಿಗೆಯನ್ನು ಮಂಡಿಯೂರಿ ಒತ್ತಿ ನೋಡುತ್ತಿದ್ದ, ಅಷ್ಟೇ. ಆ ಹಟ ಕಂಡರೆ ನನಗೆ ಮೈ ಉರಿಯುತ್ತಿತ್ತು.

ಹತ್ತಿಯ ದೂಳು ಕುಡಿದೂ ಕುಡಿದೂ ಅವನ ಎದೆ ಕೆಟ್ಟಿತು. ಕಳೆದ ವರ್ಷ ಡಾಕ್ಟರು, ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದುಬಿಟ್ಟರು. ಚಾಪೆ ಒತ್ತಿ ಒತ್ತಿ ಬೆನ್ನು ಹುಣ್ಣಾಯಿತು. ಉಸಿರು ಸಿಕ್ಕಾಗೆಲ್ಲ ಕುರ್‌ಆನಿನಲ್ಲಿ ಜನ್ನತ್ತಿನ, ಅಂದರೆ ಸ್ವರ್ಗದ, ಹಾಸಿಗೆಗಳ ಮಾತು ಬರುವ ಕಡೆ ಓದು ಎನ್ನುತ್ತಿದ್ದ. ನಾನು ಕನ್ನಡದಲ್ಲಿ ಓದುತ್ತಿದ್ದೆ. ಅಲ್ಲಿನವರು ದಪ್ಪ ರೇಷ್ಮೆಯ ಅಸ್ತರಿರುವ ಹಾಸಿಗೆಗಳ ಮೇಲೆ ಒರಗಿರುತ್ತಾರೆ, ಹಣ್ಣು ಕೈಗೆಟಕುವಂತೆ ಇರುತ್ತದೆ, ದಣಿವು ಅವರನ್ನು ಮುಟ್ಟುವುದಿಲ್ಲ.

"ಅಸ್ತರೇ ರೇಷ್ಮೆ ಅಂದ್ರೆ ಮ್ಯಾಲಿನ ಬಟ್ಟೆ ಹೆಂಗೈತೋ," ಎನ್ನುತ್ತಿದ್ದ.

ಜನ್ನತ್ತು ಬಂದಾಗ ಬರಲಿ, ಇಲ್ಲಿ ಎರಡು ದಿನವಾದರೂ ಈ ಮನುಷ್ಯ ಮೆತ್ತಗೆ ಮಲಗಲಿ ಎನಿಸಿತು ನನಗೆ. ಆ ವಾರ ನಲ್ಲೂರಿನ ಯಜಮಾನರೊಬ್ಬರು ಮಗಳ ಮದುವೆ ಹಾಸಿಗೆಗೆಂದು ಹತ್ತಿ ಕೊಟ್ಟಿದ್ದರು. ಗಿರಾಕಿಯ ಹತ್ತಿ ಉಳಿದರೆ, ಉದುರಿದ ಚೂರನ್ನೂ ಸೇರಿಸಿ ಚೀಲ ಕಟ್ಟಿ ವಾಪಸ್ ಕೊಡುವುದು ನಮ್ಮ ಮನೆಯ ಕಟ್ಟು. ನಾನು ಕೊಡಲಿಲ್ಲ. ಉಳಿದದ್ದರಲ್ಲಿ ಅಪ್ಪನಿಗೊಂದು ಹಾಸಿಗೆ ಹೊಲಿದೆ.

ಮಧ್ಯಾಹ್ನ ನಾನೂ ಅವ್ವನೂ ಅವನನ್ನು ಎತ್ತಿ ಅದರ ಮೇಲೆ ಮಲಗಿಸಿದೆವು. ಅವನ ಅಂಗೈ ಬಟ್ಟೆಯ ಮೇಲೆ ಹರಿದಾಡಿ ನಿಂತಿತು.

"ಯಾರದಿದು ಹತ್ತಿ?"

ನಮ್ಮದೇ ಎಂದೆ. ನಮ್ಮ ಮನೆಯಲ್ಲಿದ್ದದ್ದು ಹಳೆಯ ಗಂಟುಗಂಟು ಹತ್ತಿ, ಅದು ಅವನ ಬೆರಳಿಗೆ ಗೊತ್ತಿಲ್ಲವೇ? ಕೆಳಗಿಳಿಸು ಎಂದ. ಅವ್ವ ಅಳುತ್ತ, ಇರಲಿ ಬಿಡ್ರಿ ಎಂದಳು. ನಾಲ್ಕು ಹಿಡಿ ಹತ್ತಿಗೆ ಯಾರ ಮನೆಯೂ ಮುಳುಗುವುದಿಲ್ಲ ಎಂದು ನಾನು ರೇಗಿದೆ. ಅವನು ತಾನೇ ಉರುಳಲು ಹೋದ, ಉಸಿರು ಕಟ್ಟಿತು, ತುಟಿ ನೀಲಿಯಾಯಿತು. ಹೆದರಿ ಚಾಪೆಗೆ ಇಳಿಸಿದೆ.

"ಇದರ ಮ್ಯಾಲೆ ಸತ್ತರೆ, ಅಲ್ಲಿ ಹಾಸಿಗೆ ಕೇಳಾಕೆ ಯಾವ ಮುಖ ಇಟ್ಕಂಡು ಹೋಗ್ಲಿ? ನಾನಿರಾಗ್ಲೇ ಕೊಟ್ಟು ಬಾ."

ಸಿಟ್ಟು ನೆತ್ತಿಗೇರಿತ್ತು. ಹೊಲಿಗೆ ಬಿಚ್ಚುವ ತಾಳ್ಮೆ ಎಲ್ಲಿಂದ ಬರಬೇಕು? ಕತ್ತರಿ ಹಾಕಿ ಹಾಸಿಗೆಯನ್ನು ಉದ್ದಕ್ಕೂ ಅಡ್ಡಕ್ಕೂ ಸೀಳಿ, ಹತ್ತಿಯನ್ನು ಚೀಲಕ್ಕೆ ತುರುಕಿ, ಬೈಕಿನಲ್ಲಿ ನಲ್ಲೂರಿಗೆ ಹೋದೆ. ತಲೆ ತಗ್ಗಿಸಿ ಎಲ್ಲ ಹೇಳಿದೆ. ಯಜಮಾನರು ಚೀಲ ಮುಟ್ಟಲಿಲ್ಲ.

"ನಿಮ್ಮಪ್ಪಗೆ ಅಂದಿದ್ರೆ ಅವತ್ತೇ ಕೊಡ್ತಿದ್ನಲ್ಲಪ್ಪ. ತಗಂಡು ಹೋಗು, ಮನಸಾರೆ ಕೊಟ್ಟೀನಿ."

ಬೈಕು ಹೇಗೆ ಓಡಿಸಿದೆನೋ. ಅಪ್ಪನ ಕಿವಿಯಲ್ಲಿ ಆ ಮಾತು ಹೇಳಿದೆ. ಅವನು ಕಣ್ಣು ತೆರೆದು ನನ್ನನ್ನು ದಿಟ್ಟಿಸಿ ನೋಡಿದ. ಸುಳ್ಳಲ್ಲ ಎಂದು ಗೊತ್ತಾಗಿರಬೇಕು.

"ಹಂಗಾದ್ರೆ ಹಾಸು," ಎಂದ.

ಹಾಸಲು ಹತ್ತಿಯಿತ್ತು, ತುಂಬಲು ಬಟ್ಟೆಯಿರಲಿಲ್ಲ. ಚಿಂದಿಗಳನ್ನು ಜೋಡಿಸಿ ಹೊಲಿಯುತ್ತ ಕೂತೆ. ಮೂರನೇ ಮೂಲೆಗೆ ಬರುವಷ್ಟರಲ್ಲಿ ಅವ್ವ ನನ್ನನ್ನು ಕರೆದಳು. ಅಪ್ಪ ಚಾಪೆಯ ಮೇಲೆಯೇ ಹೋಗಿಬಿಟ್ಟಿದ್ದ.

ಅಲ್ಲಿ ಅವನಿಗೆ ಹಾಸಿಗೆ ಸಿಕ್ಕಿದೆ, ಅದರಲ್ಲಿ ನನಗೆ ಅನುಮಾನವಿಲ್ಲ. ಇಲ್ಲಿ ಅವನು ಬಾಯಿಬಿಟ್ಟು ಕೇಳಿದ ಒಂದೇ ಒಂದು ಹಾಸಿಗೆಯನ್ನು ಸೀಳಿ ಹಾಕಿದವನು ನಾನು.