ಪ್ರಾರ್ಥನೆಯ ಹೆಸರಿನಲ್ಲಿ ಹೇಳಿದ ಚಾಡಿ

ನಾನೂ ಅವನೂ ಮಣ್ಣೂರಿನ ಹತ್ತಿರ ಭೀಮಾ ನದಿಯಲ್ಲಿ ಒಂದೇ ದಿನ ದೀಕ್ಷಾಸ್ನಾನ ಪಡೆದವರು. ಅವನು ಅಫಜಲಪುರದ ಶಾಲೆಯೊಂದರಲ್ಲಿ ಜವಾನ, ನಾನು ಅದೇ ಊರಿನಲ್ಲಿ ದರ್ಜಿ. ನಾನು ಮೆಟ್ರಿಕ್ ಪಾಸಾದವನು, ಅವನು ಏಳನೆಯ ತರಗತಿಗೇ ಶಾಲೆ ಬಿಟ್ಟವನು. ಆದರೂ ಪ್ರಾರ್ಥನೆ ನಡೆಸಲು ಹಳ್ಳಿಗಳಿಗೆ ಹೊರಟಾಗ ನಮ್ಮ ಸಭೆಯ ಪಾಸ್ಟರು ಬೈಕಿನ ಹಿಂದೆ ಕೂರಿಸಿಕೊಳ್ಳುತ್ತಿದ್ದುದು ಅವನನ್ನೇ. ನನ್ನ ಅಂಗಡಿಯ ಮುಂದೆ ಹಾದುಹೋಗುವಾಗ ಅವನು ಕೈ ಎತ್ತುತ್ತಿದ್ದ. ನಾನು ನೋಡದವನಂತೆ ಮಷೀನು ತುಳಿಯುತ್ತಿದ್ದೆ. ಆ ಹೊತ್ತಿನಲ್ಲಿ ಹೊಲಿದ ಎಷ್ಟೋ ತೋಳುಗಳನ್ನು ಬಿಚ್ಚಿ ಮತ್ತೆ ಹೊಲಿದಿದ್ದೇನೆ.

ಹತ್ತಿ ಗೋದಾಮಿನ ಹಿಂದೆ ಮಧ್ಯಾಹ್ನ ಇಸ್ಪೀಟು ಆಡುವವರು ಸೇರುತ್ತಿದ್ದರು. ಆಟ ನನಗೆ ಅಷ್ಟೇನೂ ರುಚಿಸಿರಲಿಲ್ಲ. ಆದರೆ ಅವನನ್ನು ಅಣಕಿಸಿ ನಾನು ಏನು ಹೇಳಿದರೂ ಅವರು ನಗುತ್ತಿದ್ದರು. ಆ ನಗುವಿಗಾಗಿ ದಿನವೂ ಹೋಗತೊಡಗಿದೆ.

ಒಂದು ದಿನ ಅವನೇ ಅಲ್ಲಿಗೆ ಬಂದ.

"ಏನ್ರಿ ದೇವಮನುಷ್ಯಾ, ನಿಮಗೂ ಎಲಿ ಹಾಕಲೇನ್ರಿ?" ಎಂದು ಒಬ್ಬ ಕೆಣಕಿದ.

"ಬ್ಯಾಡ್ರಿ. ನನಗ ರಾಜಾ ಯಾವ, ಗುಲಾಮ ಯಾವ ಗೊತ್ತಾಗಂಗಿಲ್ಲ. ಇವ ಏಳೂತನಾ ಕುಂದ್ರತೇನಿ," ಎಂದು ನಕ್ಕು ನನ್ನ ಪಕ್ಕದಲ್ಲೇ ಕೂತ. ಆಮೇಲೆ ಮೆಲ್ಲಗೆ, "ನಡಿಲೇ, ಮನಿಗಿ ಹೋಗೂಣು. ಇಲ್ಲೇನೈತಿ ನಿನಗ?" ಎಂದ.

ನಾನು ಏಳಲಿಲ್ಲ. ಮರುದಿನವೂ ಬಂದ, ಅದರ ಮರುದಿನವೂ ಬಂದ.

ನಮ್ಮ ಸಭೆಯ ಬುಧವಾರದ ಪ್ರಾರ್ಥನೆ ಮನೆಯಿಂದ ಮನೆಗೆ ತಿರುಗುತ್ತದೆ. ಮೊದಲು ಯಾರಿಗಾಗಿ ಪ್ರಾರ್ಥಿಸಬೇಕು ಎಂದು ಒಬ್ಬೊಬ್ಬರೂ ಹೇಳುತ್ತಾರೆ. ಹೇಳಿದ್ದನ್ನು ಯಾರೂ ಪರೀಕ್ಷಿಸುವುದಿಲ್ಲ. ಮುಂದಿನ ಭಾನುವಾರ ಅವನನ್ನು ಸಭೆಯ ಹಿರಿಯನನ್ನಾಗಿ ಮಾಡುತ್ತಾರೆಂದು ಎಲ್ಲರಿಗೂ ತಿಳಿದಿತ್ತು. ನಾನು ಎದ್ದು ನಿಂತೆ.

"ನಮ್ಮ ಸಹೋದರರೊಬ್ಬರು ಇಸ್ಪೀಟಿನ ಮಂದಿ ಕೂಡ ಕುಂದ್ರಾಕತ್ತಾರ್ರಿ. ಹೆಸರು ಬ್ಯಾಡ. ಅವರ ಸಲುವಾಗಿ ಪ್ರಾರ್ಥನಾ ಮಾಡ್ರಿ," ಎಂದೆ. ಹಾಗೆನ್ನುತ್ತ ಅವನ ಕಡೆಗೇ ನೋಡಿದೆ. ದನಿ ಗದ್ಗದವಾಗುವಂತೆಯೂ ನೋಡಿಕೊಂಡೆ.

"ಖರೇರಿ, ಗೋದಾಮಿನ ಹಿಂದ ನಾನೂ ನೋಡೇನಿ," ಎಂದಳು ಒಬ್ಬ ಮುದುಕಿ. ಅಲ್ಲಿ ರಸ್ತೆಗೆ ಬೆನ್ನು ಮಾಡಿ ಕೂತಿದ್ದ ನನ್ನ ಗುರುತು ಅವಳಿಗೆ ಸಿಕ್ಕಿರಲಿಲ್ಲ.

ಎಲ್ಲರೂ ಅವನಿಗಾಗಿ ಬೇಡಿಕೊಂಡರು. ಅವನೂ ಆಮೆನ್ ಎಂದ. ಆ ಭಾನುವಾರ ಬೇರೊಬ್ಬರು ಹಿರಿಯರಾದರು. ಪಾಸ್ಟರು ಒಬ್ಬರೇ ಹಳ್ಳಿಗೆ ಹೋಗತೊಡಗಿದರು. ನನ್ನನ್ನಂತೂ ಕರೆಯಲಿಲ್ಲ.

ಕೆಟ್ಟ ಸಹವಾಸವೆಂದರೆ ಇಸ್ಪೀಟು, ಸೆರೆ ಎಂದೇ ನಾನು ತಿಳಿದಿದ್ದೆ. ಆ ಆಟದವರಲ್ಲಿ ಯಾರೂ ಇನ್ನೊಬ್ಬನ ಮರ್ಯಾದೆಯನ್ನು ಹೀಗೆ ಕೈಮುಗಿದುಕೊಂಡು ಕಳೆದವರಲ್ಲ. ಊರಿನಲ್ಲಿ ದೂರ ಇಡಬೇಕಾದ ಸಹವಾಸ ನನ್ನದಾಗಿತ್ತು.

ಇಪ್ಪತ್ತು ವರ್ಷ ಅದನ್ನು ನುಂಗಿಕೊಂಡಿದ್ದೆ. ಹೋದ ತಿಂಗಳು ಅವನ ಮನೆಗೆ ಹೋಗಿ ಹೇಳಿದೆ.

"ನೀ ನನ್ನ ಕಡೆ ನೋಡಿದಾಗೇ ಗೊತ್ತಾತಲೇ," ಎಂದ.

"ಮತ್ತ ಯಾಕ ಸುಮ್ಮನಿದ್ದಿ?"

"ನಿನ್ನ ಕರಿಯಾಕ ಹೋಗಿದ್ದೆ ಅಂತ ಹೇಳಬೇಕಾಗ್ತಿತ್ತು. ನೀ ಪ್ರಾರ್ಥನಿಗಿ ಬರೂದೂ ಬಿಡ್ತಿದ್ದಿ."

ಅಳು ಬರಬೇಕಾಗಿತ್ತು. ಮೊದಲು ಬಂದದ್ದು ಹೊಟ್ಟೆಕಿಚ್ಚು. ಕ್ಷಮಿಸುವುದರಲ್ಲೂ ಇವನೇ ಮುಂದೆ ಹೋಗಿದ್ದನಲ್ಲ!

"ಈಗರೆ ಎಲ್ಲಾರ ಮುಂದ ಹೇಳತೇನಿ," ಎಂದೆ.

"ನಿನ್ನ ಮನಸ್ಸು," ಎಂದ.

ಮುಂದಿನ ಬುಧವಾರ ಪ್ರಾರ್ಥನೆಯಲ್ಲಿ ಎದ್ದು ನಿಂತು ಎಲ್ಲವನ್ನೂ ಹೇಳಿದೆ, ಈ ಸಲ ಹೆಸರು ಹಿಡಿದು. ಆಮೇಲೆ ಒಬ್ಬೊಬ್ಬರಾಗಿ ಎದ್ದು ಅವನ ಬಳಿಗೆ ಹೋಗಿ ಕೈ ಹಿಡಿದುಕೊಂಡರು. ನನ್ನ ಬಳಿ ಯಾರೂ ಬರಲಿಲ್ಲ. ಅದೂ ಚುಚ್ಚಿತು, ಸುಳ್ಳೇಕೆ ಹೇಳಲಿ. ಹೊರಗೆ ಚಪ್ಪಲಿ ಹುಡುಕಲು ಹೊರಟಿದ್ದೆ.

"ಎಲ್ಲಿಗಿ ಹೊಂಟಿ? ಇನ್ನಾ ಪ್ರಾರ್ಥನಾ ಮುಗಿದಿಲ್ಲ, ಕುಂದ್ರ ಬಾ," ಎಂದು ಅವನು ಚಾಪೆಯ ಮೇಲೆ ಸರಿದು ಜಾಗ ಮಾಡಿದ.

ಹೋಗಿ ಅವನ ಪಕ್ಕದಲ್ಲಿ ಕೂತೆ.