ಟರ್ಮ್ ಮುಗಿದ ದಿನದ ಸಮಾಚಾರ

ನಮ್ಮ ಮೇಡಂ ಯಾವ ಬಣ್ಣದ ಸೀರೆ ಉಟ್ಟರೂ ಮಧ್ಯಾಹ್ನದ ಹೊತ್ತಿಗೆ ಅದರ ಎಡ ಸೊಂಟದ ಮೇಲೆ ಬಿಳಿಯ ಅಂಗೈಯೊಂದು ಮೂಡಿರುತ್ತಿತ್ತು. ಅವರು ಎಡಗೈಯಲ್ಲಿ ಬರೆಯುವವರು. ಬೋರ್ಡಿನ ಮೇಲೆ ಲೆಕ್ಕ ಮುಗಿಸಿ, ನಮ್ಮ ಕಡೆ ತಿರುಗುವಾಗ ಸೀಮೆಸುಣ್ಣ ಮೆತ್ತಿದ ಕೈಯನ್ನು ಸೊಂಟಕ್ಕೆ ಒಂದು ಸಲ ಒತ್ತುತ್ತಿದ್ದರು. ಊಟಕ್ಕೆ ಮಾತ್ರ ಬಲಗೈ. "ನಮ್ಮಪ್ಪ ಹೊಡೆದೂ ಹೊಡೆದೂ ಸುಸ್ತಾಗಿ, ಉಣ್ಣೋದು ಬಲಗೈಲಿ ಉಣ್ಣು, ಬರೆಯೋದು ನಿನ್ನಿಷ್ಟ ಅಂದ್ಬಿಟ್ರು. ನಾನೂ ಒಪ್ಕೊಂಡೆ" ಎಂದು ಒಮ್ಮೆ ಹೇಳಿದ್ದರು. ಅವರು ತಮ್ಮ ಬಗ್ಗೆ ತಾವಾಗಿ ಹೇಳಿದ ಮಾತುಗಳು ಬಹಳ ಕಡಿಮೆ. ಅದಕ್ಕೇ ಇದು ನೆನಪಿದೆ.

ಅವರು ನಡೆಸುತ್ತಿದ್ದದ್ದು ಶಾಲೆಯ ವಯಸ್ಸು ದಾಟಿದ ಹೆಂಗಸರು ಓದುವ ವಿದ್ಯಾಲಯ. ಚಿಕ್ಕಂದಿನಲ್ಲಿ ಶಾಲೆ ಬಿಟ್ಟವರು, ಗಂಡ ಸತ್ತವರು, ಗಂಡ ಬಿಟ್ಟವರು ಅಲ್ಲೇ ಉಳಿದುಕೊಂಡು ಎರಡು ವರ್ಷದಲ್ಲಿ ಎಸ್ಸೆಸ್ಸೆಲ್ಸಿಗೆ ಕಟ್ಟಬಹುದಾಗಿತ್ತು. ತಿಪಟೂರಿನ ಜನ ಅದನ್ನು 'ಹೆಂಗಸರ ಕಾಲೇಜು' ಎಂದು ಅರ್ಧ ನಗುತ್ತಾ ಕರೆಯುತ್ತಿದ್ದರು. ಕಟ್ಟಡ ಮೊದಲು ಕೊಬ್ಬರಿ ಮಂಡಿಯವರ ಗೋಡೌನ್ ಆಗಿತ್ತು. ಎಷ್ಟು ಸಲ ಸುಣ್ಣ ಬಳಿದರೂ ಗೋಡೆಯ ಎಣ್ಣೆ ಜಿಡ್ಡು ಹೋಗಿರಲಿಲ್ಲ. ಬೇಸಿಗೆಯಲ್ಲಿ ನಮ್ಮ ಪುಸ್ತಕಗಳಿಗೂ ಒಣಕೊಬ್ಬರಿಯ ವಾಸನೆ ಹತ್ತುತ್ತಿತ್ತು.

ಎಪ್ಪತ್ತರ ದಶಕದ ನಡುವೆ ನಾನು ಅಲ್ಲಿಗೆ ಸೇರಿದೆ. ನನಗಾಗ ಇಪ್ಪತ್ತು ವರ್ಷ ತುಂಬಿತ್ತು. ಅದಕ್ಕೆ ಕೆಲವು ತಿಂಗಳ ಹಿಂದೆ ನನ್ನ ಗಂಡ ತೋಟದ ಪಂಪ್‌ಸೆಟ್ಟು ಹಾಕಲು ಹೋಗಿ, ಕರೆಂಟು ಹೊಡೆದು ತೀರಿಕೊಂಡಿದ್ದರು. ಬೆಳಿಗ್ಗೆ ರೊಟ್ಟಿ ತಿಂದು ಹೋದವರು. ಮಕ್ಕಳಿರಲಿಲ್ಲ. ಅಣ್ಣ ಬಂದು ನನ್ನನ್ನು ಬಿಳಿಗೆರೆಯ ತವರಿಗೆ ಕರೆತಂದ. ನಾನು ಅಳಲಿಲ್ಲ. ಅಳಬಾರದು ಅಂತಲ್ಲ, ಬರಲಿಲ್ಲ. ಬಂದ ಹೆಂಗಸರು ನನ್ನನ್ನು ತಬ್ಬಿಕೊಂಡು ಅತ್ತು, ನನ್ನ ಮುಖ ನೋಡಿ ತಾವೇ ಸುಮ್ಮನಾಗುತ್ತಿದ್ದರು. ಮುದ್ದೆ ಬಿಸಿ ಇದೆಯೋ ತಣ್ಣಗಿದೆಯೋ ನಾಲಿಗೆಗೆ ಗೊತ್ತಾಗುತ್ತಿರಲಿಲ್ಲ. ಮನೆಯ ಜಗುಲಿಯಲ್ಲಿ ಕೂತರೆ ಕೂತೇ ಇರುತ್ತಿದ್ದೆ. ಅದನ್ನು ನೋಡಲಾಗದೆ, ಯಾರೋ ಹೇಳಿದರೆಂದು ಅಣ್ಣ ನನ್ನನ್ನು ಈ ವಿದ್ಯಾಲಯಕ್ಕೆ ತಂದು ಬಿಟ್ಟ.

ಮೊದಲ ವಾರ ಜೊತೆಯ ಹೆಂಗಸರು ನನ್ನನ್ನು ಮಾತಾಡಿಸಿ ಸೋತರು. ತುರುವೇಕೆರೆ ಕಡೆಯ ಗಂಗಮ್ಮ, ನನ್ನ ಪಕ್ಕದ ಚಾಪೆಯವಳು, ಮೇಡಂ ಹತ್ತಿರ ಹೋಗಿ, "ಈ ಮಗ ಒಂದ್ಸಲ ಅತ್ರೆ ಸರಿಹೋಗ್ತದೆ ಕಣ್ರೀ. ನೀವಾದ್ರೂ ಅಳಿಸ್ರೀ" ಅಂದಳಂತೆ. ಮೇಡಂ ನನ್ನನ್ನು ಕರೆದರು. ಸಮಾಧಾನ ಹೇಳುತ್ತಾರೆ ಅಂದುಕೊಂಡು ಹೋದೆ.

"ಅಳು ಬರ್ತಿಲ್ವಾ?"

"ಇಲ್ಲ ಮೇಡಂ."

"ಬರದಿದ್ರೆ ಬೇಡ ಬುಡು. ಭಾಗಾಕಾರ ಬರುತ್ತಾ?"

"ಅದೂ ಬರಲ್ಲ."

"ಅದನ್ನ ಕಲಿಸ್ಬೋದು. ಕೂತ್ಕೋ."

ಅಷ್ಟೇ. ಆ ದಿನದಿಂದ ಯಾರೂ ನನ್ನನ್ನು ಅಳಿಸಲು ನೋಡಲಿಲ್ಲ. ನನಗೆ ಅದೇ ದೊಡ್ಡ ಉಪಕಾರವಾಯಿತು.

ಪ್ರತಿ ಟರ್ಮಿನ ಕೊನೆಯ ದಿನ ಮನೆಯವರೆಲ್ಲ ನಮ್ಮನ್ನು ಕರೆದೊಯ್ಯಲು ಬರುತ್ತಿದ್ದರು. ಕಿಬ್ಬನಹಳ್ಳಿಯ ಕಡೆಯಿಂದ, ತುರುವೇಕೆರೆಯಿಂದ, ಚಿಕ್ಕನಾಯಕನಹಳ್ಳಿಯಿಂದ ಬಸ್ಸಿಳಿದು ಬಂದ ಅಪ್ಪಂದಿರು, ಅಣ್ಣಂದಿರು, ಸೊಂಟದ ಮೇಲೆ ಮಕ್ಕಳನ್ನು ಹೊತ್ತ ಅಜ್ಜಿಯರು ಗೋಡೌನಿನ ತುಂಬ ಕೂತಿರುತ್ತಿದ್ದರು. ಭಾಷಣ, ಹಾರ ಏನೂ ಇಲ್ಲ. ಮೇಡಂ ಎದ್ದು ನಿಂತು ಸಮಾಚಾರ ಹೇಳುತ್ತಿದ್ದರು. ಕೈಯಲ್ಲಿ ಕಾಗದ ಇರುತ್ತಿರಲಿಲ್ಲ. ಯಾರು ಯಾವುದರಲ್ಲಿ ಪಾಸು, ಯಾವುದರಲ್ಲಿ ಫೇಲು; ಹೊಲಿಗೆ ಮಿಷನ್ನು ರಿಪೇರಿಯಾಯಿತು; ಹಿಂದೆ ಓದಿದ ಒಬ್ಬಳಿಗೆ ಗ್ರಾಮಸೇವಕಿಯ ಕೆಲಸ ಸಿಕ್ಕಿತು; ಇನ್ನೊಬ್ಬಳು ಕಾಮಾಲೆಯಾಗಿ ತೀರಿಕೊಂಡಳು; ಬಾವಿಯ ರಾಟೆ ಹೊಸದಾಯಿತು. ಎಲ್ಲವೂ ಒಂದೇ ದನಿಯಲ್ಲಿ. ಸಂತೋಷದ್ದಕ್ಕೆ ದನಿ ಏರುತ್ತಿರಲಿಲ್ಲ, ಸಾವಿನದಕ್ಕೆ ಇಳಿಯುತ್ತಿರಲಿಲ್ಲ. ಗಂಗಮ್ಮ ಒಮ್ಮೆ ಅದನ್ನೇ ಕೇಳಿದಳು. ಮೇಡಂ, "ಸುದ್ದಿಗೆ ನಾನ್ಯಾಕಮ್ಮ ಬಣ್ಣ ಹಚ್ಲಿ? ಕೇಳೋರು ಅವರವರ ಬಣ್ಣ ತಂದಿರ್ತಾರೆ" ಅಂದರು.

ನನ್ನ ಮೊದಲ ಟರ್ಮು ಮುಗಿದ ದಿನ ಅಣ್ಣ ಬಂದ. ಬಂದವನೇ ನೇರ ಮೇಡಂ ಹತ್ತಿರ ಹೋದ. ನಾನು ಬಾಗಿಲ ಬಳಿ ನಿಂತಿದ್ದೆ.

"ಮೇಡಮ್ನೋರೆ, ಇವಳನ್ನ ಪೂರಾ ಕರ್ಕೊಂಡ್ ಹೋಯ್ತೀನಿ. ಮನೇಲಿ ನಮ್ಮೋಳು ಬಸುರಿ. ದನ, ಮನೆ ಎರಡೂ ಆಗಾಕಿಲ್ಲ ಅವಳಿಗೆ. ಇವಳಿಗೂ ಓದು ತಲೆಗೆ ಹತ್ತಂಗೆ ಕಾಣಾಕಿಲ್ಲ."

ಮೇಡಂ ಅವನ ಮುಖ ನೋಡಿದರು. "ದೂರದಿಂದ ಬಂದಿದೀರಿ. ಸಮಾಚಾರ ಕೇಳ್ಕೊಂಡು ಹೋಗಿ" ಅಂದರು.

ಅಣ್ಣ ಗಂಡಸರ ಸಾಲಿನಲ್ಲಿ ಕೂತ. ಮೇಡಂ ಒಬ್ಬೊಬ್ಬರದೇ ಹೇಳುತ್ತಾ ಬಂದು ನನ್ನ ಸರದಿಗೆ ಅದೇ ದನಿಯಲ್ಲಿ ಹೇಳಿದರು: "ಬಿಳಿಗೆರೆ ಹುಡುಗಿ ಕನ್ನಡದಲ್ಲಿ ಪಾಸು. ಲೆಕ್ಕದಲ್ಲಿ ಫೇಲು. ಭಾಗಾಕಾರ ಬಂದಿದೆ, ದಶಾಂಶ ಬಂದಿಲ್ಲ. ರಜ ಮುಗಿದ ಸೋಮವಾರ ವಾಪಸ್ಸು ಬರ್ತಾಳೆ. ಅವರಣ್ಣನೇ ಕರ್ಕೊಂಡು ಬಂದು ಬಿಡ್ತಾರೆ. ಅಲ್ಲಿ ಕೂತಿದಾರಲ್ಲ, ಅವರೇ."

ಎಲ್ಲರೂ ತಿರುಗಿ ಅಣ್ಣನನ್ನು ನೋಡಿದರು. ಪಕ್ಕದಲ್ಲಿದ್ದ ಮುದುಕರೊಬ್ಬರು ಅವನ ತೊಡೆ ತಟ್ಟಿ, "ಒಳ್ಳೇ ಕೆಲ್ಸ ಕಣಪ್ಪ. ಒಡಹುಟ್ದೋನು ಅಂದ್ರೆ ಹಿಂಗಿರ್ಬೇಕು" ಅಂದರು. ಅಣ್ಣ ತಲೆ ತಗ್ಗಿಸಿ ಟವೆಲ್ಲಿನ ಅಂಚು ಎಳೆಯುತ್ತಾ ಕೂತ. ಮೇಡಂ ಮುಂದಿನವಳ ಸುದ್ದಿಗೆ ಹೋಗಿದ್ದರು.

ಅಣ್ಣನ ಜೊತೆ ಬಸ್ಸು ಹತ್ತಿದೆ. ನನಗೆ ಖುಷಿಯೂ ಆಗಲಿಲ್ಲ, ಬೇಸರವೂ ಆಗಲಿಲ್ಲ. ಬಿಳಿಗೆರೆಯಲ್ಲಿ ಇಳಿದು ತೋಟದ ದಾರಿ ಹಿಡಿದ ಮೇಲೆ ಅವನು ಹಿಂದೆ ತಿರುಗದೆಯೇ, "ಸೋಮವಾರ ಮೊದಲ್ನೇ ಬಸ್ಸಿಗೇ ಹೋಗಾನ. ಆಮ್ಯಾಕೆ ರಷ್ಷಾಯ್ತದೆ" ಅಂದ. ಆ ರಜದಲ್ಲಿ ದನದ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಾ ನಾನು ದಶಾಂಶ ಮಾಡಿಕೊಳ್ಳುತ್ತಿದ್ದೆ.

ಬಹಳ ದಿನಗಳ ನಂತರ ಧೈರ್ಯ ಮಾಡಿ ಕೇಳಿದೆ: "ಅವತ್ತು ನೀವು ಸುಳ್ಳು ಹೇಳಿದ್ರಲ್ವಾ ಮೇಡಂ?"

"ಸುಳ್ಳೆಲ್ಲಿ ಬಂತು? ಸೋಮವಾರ ಬಂದ್ಯಲ್ಲ. ಸ್ವಲ್ಪ ಮುಂಚೆ ಹೇಳ್ದೆ ಅಷ್ಟೆ ಕಣೇ."

ಎರಡನೆಯ ವರ್ಷ, ದಸರಾ ರಜಕ್ಕೆ ಮುಂಚೆ, ಮೇಡಂ ಕೆಲವು ದಿನ ಹಾಸನಕ್ಕೆ ಹೋದರು. ಅಲ್ಲಿ ಅವರ ಒಬ್ಬಳೇ ಮಗಳನ್ನು ಕೊಟ್ಟಿತ್ತು. ಬಾಣಂತನಕ್ಕೆ ಹೋಗಿದ್ದಾರೆ ಎಂದು ನಾವು ಅಂದುಕೊಂಡೆವು. ಬೇಗನೆ ವಾಪಸ್ಸು ಬಂದು ಪಾಠ ಶುರು ಮಾಡಿದರು. ಯಾರೋ "ಏನ್ ಮಗು ಮೇಡಂ?" ಅಂದಾಗ "ಹೆಣ್ಣು" ಅಂದರು. ಗಂಗಮ್ಮ ಪೇಟೆಯಿಂದ ಕಲ್ಲುಸಕ್ಕರೆ ತರಿಸಿ ಎಲ್ಲರಿಗೂ ಹಂಚಿದಳು. ಮೇಡಂ ಕೂಡ ಒಂದು ಚೂರು ಬಾಯಿಗೆ ಹಾಕಿಕೊಂಡರು. ನಾನು ಕಂಡಿದ್ದೇನೆ.

ಟರ್ಮಿನ ಕೊನೆಯ ದಿನ ಬಂತು. ಎಂದಿನಂತೆ ಜನ ಕೂತಿದ್ದರು. ಮೇಡಂ ಪರೀಕ್ಷೆಯ ವಿಷಯ ಹೇಳಿದರು. ಸೀಮೆಎಣ್ಣೆ ಸರಿಯಾಗಿ ಸಿಗುತ್ತಿಲ್ಲ, ಬರುವವರು ಮನೆಯಿಂದ ಒಂದೊಂದು ಸೀಸೆ ತರಬೇಕು ಅಂದರು. ಆಮೇಲೆ, "ನನ್ನ ಮಗಳು ಹೆರಿಗೇಲಿ ತೀರಿಕೊಂಡ್ಲು. ಮಗು ಉಳ್ಕೊಂಡಿದೆ. ರಜ ಆದ ಮೇಲೆ ಮಗೂನ ಇಲ್ಲಿಗೇ ಕರ್ಕೊಂಡು ಬರ್ತೀನಿ. ಮುಂದಿನ ಟರ್ಮಿಗೆ ಭೂಗೋಳಕ್ಕೆ ಹೊಸ ಪುಸ್ತಕ ಬರುತ್ತೆ" ಅಂದರು.

ಯಾರಿಗೂ ತಕ್ಷಣ ಅರ್ಥವಾಗಲಿಲ್ಲ. ಹಿಂದೆ ಕೂತಿದ್ದ ಒಬ್ಬ ಅಜ್ಜಿ "ಯಾರು? ಯಾರಂದ್ರು?" ಎಂದು ಪಕ್ಕದವರನ್ನು ಕೇಳುತ್ತಿದ್ದಳು. ಮೇಡಂ ಭೂಗೋಳದ ಪುಸ್ತಕದ ಮಾತು ಮುಗಿಸಿ, ಬಾವಿಯ ನೀರಿನ ಮಾತು ಮುಗಿಸಿ, ಎಲ್ಲರೂ ಹುಷಾರಾಗಿ ಊರು ಸೇರಿ ಅಂದು ಒಳಗೆ ಹೋದರು. ಗಂಗಮ್ಮ ಗೋಡೆಗೆ ತಲೆ ಆನಿಸಿ ಅಳತೊಡಗಿದಳು. ಕಲ್ಲುಸಕ್ಕರೆ ಹಂಚಿದವಳಲ್ಲವೇ.

ಅಣ್ಣ ಹೊರಗೆ ಕಾಯುತ್ತಿದ್ದ. ಒಂದು ಗಳಿಗೆ ಇರು ಎಂದು ಹೇಳಿ ನಾನು ಒಳಗೆ ಹೋದೆ. ಮೇಡಂ ಅಡುಗೆಮನೆಯ ಮಣೆಯ ಮೇಲೆ ಕೂತು ಅಲಸಂದೆಕಾಯಿ ಬಿಡಿಸುತ್ತಿದ್ದರು. ಊರಿಗೆ ಹೋಗದೆ ಉಳಿಯುವವರಿಗೆ ಸಾರಿಗೆ ಬೇಕಿತ್ತು. ನಾನೂ ಎದುರಿಗೆ ಕೂತು ಬಿಡಿಸತೊಡಗಿದೆ. ಬುಟ್ಟಿ ಅರ್ಧ ಖಾಲಿಯಾದ ಮೇಲೆ ಅವರು ಕೇಳಿದರು.

"ನಿನಗೆ ಯಾವಾಗ ಬಂತು ಅಳು?"

"ಇನ್ನೂ ಬಂದಿಲ್ಲ ಮೇಡಂ."

ಅವರು ನನ್ನನ್ನು ನೋಡಿದರು. ಆ ನೋಟದಲ್ಲಿ ಕನಿಕರವಿರಲಿಲ್ಲ. ಒಂದೇ ಊರಿನವರು ಪರವೂರ ಸಂತೆಯಲ್ಲಿ ಎದುರಾದಾಗ ನೋಡುವಂಥ ನೋಟ.

"ಹಾಗೂ ಬದುಕಬೋದು ಅನ್ನು."

"ಬದುಕ್ತಿದೀನಿ."

"ಹೂಂ" ಅಂದು ಅವರು ಬುಟ್ಟಿಯನ್ನು ನನ್ನ ಕಡೆ ಸ್ವಲ್ಪ ಸರಿಸಿದರು. ಕಾಯಿ ಮುಗಿಯುವವರೆಗೂ ನಾವಿಬ್ಬರೂ ಬಿಡಿಸಿದೆವು. ಅಣ್ಣ ಎರಡು ಬಸ್ಸು ಬಿಟ್ಟ.

ರಜ ಮುಗಿಸಿ ಬಂದಾಗ ಗೋಡೌನಿನಲ್ಲಿ ಮಗು ಇತ್ತು. ಅಳಿಯ ಹಟ ಮಾಡಲಿಲ್ಲವಂತೆ. ಗಂಡಸು, ಒಬ್ಬನೇ, ಏನು ಮಾಡಿಯಾನು. ಹಿಂದೆ ಕೊಬ್ಬರಿ ಚೀಲ ತೂಗಲು ತಕ್ಕಡಿ ನೇತುಹಾಕುತ್ತಿದ್ದ ಕಬ್ಬಿಣದ ಕೊಂಡಿಗೆ ಮೇಡಂ ಹಳೆಯ ಸೀರೆ ಕಟ್ಟಿ ತೊಟ್ಟಿಲು ಮಾಡಿದ್ದರು. ಆ ವರ್ಷ ನಾವು ಓದಿದ್ದೆಲ್ಲ ಆ ತೊಟ್ಟಿಲು ತೂಗುತ್ತಲೇ. ಹಸಿದು ಅತ್ತರೆ, ಎಳೆಕೂಸು ಕಂಕುಳಲ್ಲಿದ್ದ ನಮ್ಮ ಜೊತೆಯವಳೊಬ್ಬಳು ಇದಕ್ಕೂ ಹಾಲು ಕೊಡುತ್ತಿದ್ದಳು. ಮೇಡಂ ಮೊಮ್ಮಗಳನ್ನು ಮುದ್ದಾಡಿದ್ದು ನಾನು ಕಾಣೆ. ಆದರೆ ಅದು ನಿದ್ದೆ ಮಾಡುವಾಗ ಬೋರ್ಡಿನ ಮೇಲೆ ಸದ್ದಾಗದಂತೆ, ಸುಣ್ಣದ ಕಡ್ಡಿಯನ್ನು ಮೆಲ್ಲಗೆ ಓರೆ ಹಿಡಿದು ಬರೆಯುತ್ತಿದ್ದರು.

ನಾನು ಎಸ್ಸೆಸ್ಸೆಲ್ಸಿ ಪಾಸಾದೆ, ಲೆಕ್ಕದಲ್ಲೂ. ಟೀಚರ್ ಟ್ರೈನಿಂಗ್ ಮುಗಿಸಿ ಅರಳಗುಪ್ಪೆಯ ಹತ್ತಿರದ ಒಂದು ಪ್ರೈಮರಿ ಶಾಲೆಗೆ ಬಂದೆ. ಅಷ್ಟರಲ್ಲಿ ವಿದ್ಯಾಲಯಕ್ಕೆ ಬರುತ್ತಿದ್ದ ಸಹಾಯ ನಿಂತು, ಗೋಡೌನು ಮತ್ತೆ ಮಂಡಿಯವರ ಕೈ ಸೇರಿತ್ತು. ಮೇಡಂ ಮೊಮ್ಮಗಳ ಜೊತೆ ತಿಪಟೂರಿನಲ್ಲೇ ಒಂದು ಚಿಕ್ಕ ಮನೆ ಮಾಡಿಕೊಂಡು ಮನೆಪಾಠ ಹೇಳುತ್ತಿದ್ದರು. ಅಳಿಯ ಮತ್ತೆ ಮದುವೆಯಾಗಿದ್ದ.

ಎಂಬತ್ತರ ದಶಕದಲ್ಲಿ ಒಂದು ದಿನ ಅವರು ನನ್ನ ಶಾಲೆಗೆ ಬಂದರು. ಆಗಲೇ ಬಹಳ ಇಳಿದು ಹೋಗಿದ್ದರು, ರವಿಕೆಯ ತೋಳು ಜೋಲುತ್ತಿತ್ತು. ಜೊತೆಗೆ ಎರಡು ಜಡೆಯ ಹುಡುಗಿ. ಜಗುಲಿಯ ಬೆಂಚಿನ ಮೇಲೆ ಕೂತು ನೀರು ಕುಡಿದು, "ಇವಳನ್ನ ನಿನ್ನ ಸ್ಕೂಲಿಗೆ ಹಾಕ್ತೀನಿ" ಅಂದರು.

"ತಿಪಟೂರಿಂದ ದಿನಾ ಬರೋಕಾಗುತ್ತಾ ಮೇಡಂ?"

"ದಿನಾ ಯಾಕೆ ಬರ್ತಾಳೆ? ನಿನ್ನ ಮನೇಲಿರ್ತಾಳೆ."

ನಾನು ಅವರ ಮುಖ ನೋಡಿದೆ. ಕಾಯಿಲೆ ಏನು, ಡಾಕ್ಟರು ಏನಂದರು, ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. "ಲೆಕ್ಕ ಚೆನ್ನಾಗಿ ಮಾಡ್ತಾಳೆ. ಮಾತು ಕಮ್ಮಿ. ರಾಗಿ ರೊಟ್ಟಿಗೆ ತುಪ್ಪ ಬೇಕು ಅಂತಾಳೆ, ದಿನಾ ಕೊಡ್ಬೇಡ" ಅಂದರು. ಹುಡುಗಿ ಅಜ್ಜಿಯ ಸೆರಗು ಹಿಡಿದು ನನ್ನನ್ನೇ ನೋಡುತ್ತಿದ್ದಳು.

ಆ ಟರ್ಮು ಮುಗಿಯುವವರೆಗೆ ಅಜ್ಜಿಯ ಹತ್ತಿರವೇ ಇರಲಿ, ಆಮೇಲೆ ಕರೆತರುತ್ತೇನೆ ಎಂದು ಮಾತಾಯಿತು. ಟರ್ಮು ಮುಗಿಯಲು ಮೇಡಂ ಕಾಯಲಿಲ್ಲ. ಗಂಗಮ್ಮ ಕಿಬ್ಬನಹಳ್ಳಿಯವರೆಗೆ ಬಂದು, ನಾನು ಶಾಲೆಗೆ ಬಸ್ಸು ಹತ್ತುವ ಕಡೆ ನನ್ನನ್ನು ಹಿಡಿದು ಹೇಳಿದಳು: "ಮೇಡಮ್ನೋರು ಹೋಗ್ಬುಟ್ರು ಕಣೇ." ಅವಳು ಅಳುತ್ತಿದ್ದಳು. ನಾನು ಅವಳಿಗೆ ಟೀ ಕುಡಿಸಿ, ಅವಳ ಜೊತೆ ತಿಪಟೂರಿಗೆ ಹೋದೆ. ಬಾಗಿಲ ಮುಂದೆ ಹಳೆಯ ವಿದ್ಯಾರ್ಥಿನಿಯರು ತುಂಬಿದ್ದರು. ಎಲ್ಲರೂ ಅತ್ತರು. ನಾನು ಒಳಗೆ ಹೋಗಿ ಬೇಕಾದ ಕೆಲಸ ಮಾಡಿದೆ. ಅವರ ಎಡಗೈಯನ್ನು ಒಂದು ಸಲ ಮುಟ್ಟಿದೆ, ತಣ್ಣಗಿತ್ತು.

ತಿಥಿ ಮುಗಿದ ಮೇಲೆ ಹಾಸನದಿಂದ ಬಂದಿದ್ದ ಅಳಿಯ ನನ್ನ ಹತ್ತಿರ ಬಂದು ನಿಂತ. "ಅತ್ತೆ ಹೇಳಿದ್ರು, ನಿಮ್ಮ ಹತ್ರ ಮಾತಾಗಿದೆ ಅಂತ. ಮನೇಲಿ ಇನ್ನೆರಡು ಮಕ್ಕಳಿದಾವೆ..." ಎಂದು ನಿಲ್ಲಿಸಿದ. ನಾನು "ಹೌದು, ಆಗಿದೆ" ಅಂದೆ. ಅವನ ಮುಖ ಹಗುರವಾದದ್ದು ಹುಡುಗಿಗೂ ಕಂಡಿರಬೇಕು. ಅವಳು ತನ್ನ ಬಟ್ಟೆಯ ಚೀಲ ತಾನೇ ಎತ್ತಿಕೊಂಡು ಬಂದಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವಳನ್ನು ಕೂರಿಸಿದೆ. ಹೊರಗೆ ತೆಂಗಿನ ತೋಟಗಳು ಹಿಂದೆ ಹೋಗುತ್ತಿದ್ದವು. ಕಂಡಕ್ಟರ್ ಬಂದು ಅವಳನ್ನು ನೋಡಿ, "ಅರ್ಧ ಟಿಕೀಟಾ? ನಿಮ್ ಮಗ್ಳೇನಮ್ಮ?" ಎಂದು ಕೇಳಿದ.

"ಹೂಂ, ನನ್ನ ಮಗಳು" ಅಂದೆ.

ಹುಡುಗಿ ಕಿಟಕಿಯಿಂದ ತಿರುಗಿ ನನ್ನನ್ನು ನೋಡಿದಳು. ಆಮೇಲೆ ಮಡಿಲಲ್ಲಿದ್ದ ತನ್ನ ಚೀಲವನ್ನು ತೆಗೆದು ನನ್ನ ಮಡಿಲಲ್ಲಿಟ್ಟು, ಮತ್ತೆ ಹೊರಗೆ ನೋಡತೊಡಗಿದಳು.